ಕೆಂಪು ಬಣ್ಣ ಬಳಿದ ಉಂಗುರ

ಕೋವಿ ರಿಪೇರಿ ಶೆಡ್ಡಿನಲ್ಲಿ ಇಬ್ಬರು ಮೇಸ್ತ್ರಿಗಳು. ಇಪ್ಪತ್ತೆರಡು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತು ಆಡಿದ ಜಗಳವನ್ನು ಕೂಡಿಟ್ಟಿದ್ದರೆ ಒಂದು ಗೂಡ್ಸ್ ರೈಲು ತುಂಬುತ್ತಿತ್ತು. ದೊಡ್ಡ ಮೇಸ್ತ್ರಿಗೆ ಉದ್ದ ಕೋವಿಯೆಂದರೆ ಪ್ರಾಣ. ಕಟ್ಟಿಕೊಂಡ ಹೆಂಡತಿಯ ಕೈಯನ್ನೂ ಅಷ್ಟು ಹೊತ್ತು ಹಿಡಿದವನಲ್ಲ. ಇನ್ನೊಬ್ಬ, ಎಲ್ಲದರಲ್ಲೂ ತುಕ್ಕು ಹುಡುಕುವ ತುಕ್ಕಪ್ಪ, ಮೋಟು ಕೋವಿಯ ಕಡೆ.

"ನಿನ್ನ ಮೋಟು ಕತ್ತೆ ಕಣಯ್ಯಾ! ಒದ್ರೆ ಭುಜ ಬೆನ್ನಿಗೆ ಬರುತ್ತೆ. ಹಿಡಿ ಎಳೆಯೋಕೆ ಎರಡು ಎತ್ತು ಬೇಕು. ನನ್ನದು ನೋಡು, ನಾನೂರು ಗಜ ದೂರದ ನೊಣದ ಮೀಸೆ ಬೋಳಿಸುತ್ತೆ."

"ಬೋಳಿಸುತ್ತೆ, ಧೂಳಿಲ್ಲದಿದ್ರೆ. ಒಂದು ಹಿಡಿ ಮರಳು ಬಿದ್ರೆ ನಿನ್ನ ಮಹಾರಾಣಿಗೆ ಕೆಮ್ಮು. ನನ್ನ ಕತ್ತೆ ಕೆಸರು ತಿಂದ್ಕೊಂಡೂ ದುಡಿಯುತ್ತೆ."

ಇಬ್ಬರದೂ ನಿಜವೇ. ಮಹಾರಾಣಿಯ ಕೆಮ್ಮಿಗೆ ಮದ್ದು ನಳಿಗೆಯ ಮೇಲಿನ ಒಂದು ಉಂಗುರ. ಬಿಗಿ ಮಾಡಿದರೆ ಗುಂಡಿನ ಗ್ಯಾಸೆಲ್ಲ ಒಳಗೇ ತಿರುಗಿ, ಧೂಳಿದ್ದರೂ ಮುಂದಿನ ಗುಂಡನ್ನು ಏರಿಸುತ್ತದೆ. ಒದೆತ ಮಾತ್ರ ಜೋರು. ಸಡಿಲಿಸಿದರೆ ಗ್ಯಾಸು ಹೊರಗೆ ಸೋರಿ ಕೋವಿ ಬೆಣ್ಣೆಯಂತೆ ಮೆತ್ತಗಾಗುತ್ತದೆ, ಕೊಳೆ ಸೇರಿದರೆ ಒಂದೇ ಗುಂಡಿಗೆ ನಿಂತುಬಿಡುತ್ತದೆ. ಸಿಪಾಯಿಗಳು ಕೈಯಾಡಿಸಬಾರದೆಂದು ದೊಡ್ಡ ಮೇಸ್ತ್ರಿ ಉಂಗುರಕ್ಕೆ ಕೆಂಪು ಬಣ್ಣ ಬಳಿಯುತ್ತಿದ್ದ. ಬಣ್ಣ ಒಡೆದವನಿಗೆ ಶಿಕ್ಷೆ.

ಗುಡ್ಡದ ಠಾಣೆಗೆ ಯಾವ ಕೋವಿ ಕಳಿಸಬೇಕೆಂದು ಸಾಹೇಬರು ತಾವೇ ಹಾರಿಸಿ ನೋಡುವ ಪರೀಕ್ಷೆ ಇಟ್ಟರು. ಅವರ ಭುಜ ಹಳೇ ಮುರುಕು ಭುಜ. ಮೇಸ್ತ್ರಿ ಹಿಂದಿನ ದಿನವೇ ಹತ್ತೂ ಉದ್ದ ಕೋವಿಗಳ ಉಂಗುರ ಸಡಿಲಿಸಿ, ಮೇಲೆ ಬಣ್ಣ ಬಳಿದಿಟ್ಟ. ಪರೀಕ್ಷೆ ಮುಗಿದ ಮೇಲೆ ಬಿಗಿ ಮಾಡಿದರಾಯಿತು ಎಂಬ ಲೆಕ್ಕ.

ಮೋಟು ಕೋವಿ ಒದ್ದ ಒದೆತಕ್ಕೆ ಸಾಹೇಬರ ಟೋಪಿ ಪಕ್ಕದ ಜಿಲ್ಲೆಯಲ್ಲಿ ಬಿತ್ತು. ಉದ್ದದ್ದು ಹಾರಿಸಿ, "ಇದೇ ಇರಲಿ, ಈಗಲೇ ಲಾರಿಗೆ ಹಾಕಿ" ಎಂದರು.

ಉಂಗುರ ಬಿಗಿ ಮಾಡಲು ಮೇಸ್ತ್ರಿಗೆ ಸಮಯವೇ ಸಿಗಲಿಲ್ಲ. ತಡೆಯಬೇಕೆಂದರೆ ಮೋಸ ಒಪ್ಪಿಕೊಳ್ಳಬೇಕು, ಅದೂ ಹಲ್ಲು ಕಿಸಿಯಲು ಕಾದಿದ್ದ ತುಕ್ಕಪ್ಪನ ಎದುರು. ಗುಡ್ಡದ ಠಾಣೆಗೆ ಹೊರಟ ಸಿಪಾಯಿಗಳ ಜೊತೆ ಲಾರಿಯ ಹಿಂದೆ ಕೂತಿದ್ದ ಮೇಸ್ತ್ರಿಯ ಅಳಿಯ ಕೈ ಬೀಸಿದ. "ಮಾವ, ನಿಮ್ಮ ಮಹಾರಾಣಿಯನ್ನ ಚೆನ್ನಾಗಿ ನೋಡ್ಕೋತೀನಿ!"

ಮೇಸ್ತ್ರಿಯೂ ಕೈ ಬೀಸಿದ. ಗುಡ್ಡದಲ್ಲಿ ಗುಂಡು ಹಾರಿ ಎಷ್ಟೋ ತಿಂಗಳಾಯಿತಲ್ಲ, ಏನೂ ಆಗದು ಎಂದುಕೊಂಡ.

ಗುಡ್ಡದಲ್ಲಿ ಗುಂಡಿನ ಕಾಳಗ ನಡೆದು, ನಾಲ್ಕನೇ ದಿನ ಬೆಳಿಗ್ಗೆ ಅಳಿಯ ಹೆಣವಾಗಿ ಬಂದ. ಮಣ್ಣು ಮಾಡಿದ ಮಾರನೆಯ ದಿನ ಅವನ ಕೋವಿ ಶೆಡ್ಡಿಗೆ ಬಂತು. ಧೂಳು ಮೆತ್ತಿತ್ತು, ಎರಡನೇ ಗುಂಡು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಬಣ್ಣ ಒಡೆದಿರಲಿಲ್ಲ.

ತುಕ್ಕಪ್ಪ ಉಂಗುರ ನೋಡಿದ, ಮೇಸ್ತ್ರಿಯ ಮುಖ ನೋಡಿದ. ಜನ್ಮದಲ್ಲಿ ಮೊದಲ ಸಲ ಅವನಿಗೆ ಹಂಗಿಸಲು ಮನಸ್ಸು ಬರಲಿಲ್ಲ. "ಬಿಗಿ ಮಾಡಿಬಿಡ್ಲಾ?" ಎಂದ ಮೆಲ್ಲಗೆ. "ಯಾರಿಗೂ ಗೊತ್ತಾಗಲ್ಲ."

ಬಾಗಿಲಲ್ಲಿ ಮೇಸ್ತ್ರಿಯ ಮಗಳು ನಿಂತಿದ್ದಳು. ಗಂಡನ ಕೋವಿ ಬಂದಿದೆಯೆಂದು ಯಾರೋ ಹೇಳಿದ್ದರು. "ಏನು ಗೊತ್ತಾಗಲ್ಲ, ಚಿಕ್ಕಪ್ಪಾ?"

ತುಕ್ಕಪ್ಪ ಸ್ಪ್ಯಾನರ್ ಕೆಳಗಿಟ್ಟ. ಮೇಸ್ತ್ರಿ ಗೋಡೆ ಹಿಡಿದುಕೊಂಡು ಎಲ್ಲ ಹೇಳಿದ: ಉಂಗುರ, ಸಾಹೇಬರ ಭುಜ, ಲಾರಿ. ಮಗಳು ಅಳಲಿಲ್ಲ. ಅತ್ತಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಅವತ್ತು ಒಂದು ಮಾತು ಹೇಳಿದ್ದಿದ್ರೆ ಬದುಕಿರ್ತಿದ್ರಾ, ಅಪ್ಪಾ?"

"ಇರ್ತಿದ್ದ ಕಣವ್ವಾ."

ಅವಳು ಕೋವಿಯನ್ನು ಮುಟ್ಟಲೂ ಇಲ್ಲ. "ಮಿಕ್ಕ ಒಂಬತ್ತು ಯಾರ ಕೈಲಿವೆ?"

ಮೇಸ್ತ್ರಿಗೆ ಅದು ಹೊಳೆದೇ ಇರಲಿಲ್ಲ. ಇಷ್ಟು ದಿನ ಅವನು ತನ್ನ ಅಳಿಯನೊಬ್ಬನನ್ನೇ ನೆನೆದಿದ್ದ.

"ಫೋನ್ ಸಾಹೇಬರ ಕೋಣೇಲಿದೆ," ಎಂದಳು ಮಗಳು. "ನಡಿ."

ಅವನು ಅಂಗಳ ದಾಟಿದ. ಇಪ್ಪತ್ತು ಹೆಜ್ಜೆಯ ಅಂಗಳ, ಅವತ್ತು ಇಪ್ಪತ್ತು ಮೈಲಿಯಾಗಿತ್ತು. ಮಗಳು ಜೊತೆಗೇ ನಡೆದಳು, ಅವನ ಕೈ ಮಾತ್ರ ಹಿಡಿಯಲಿಲ್ಲ.