ನಾಲ್ಕುನೂರ ಇಪ್ಪತ್ತೈದನೇ ಪುಟ

ಅಮ್ಮನನ್ನು ಮಣ್ಣು ಮಾಡಿ ಹನ್ನೊಂದು ದಿನವಾಗಿತ್ತು. ಆ ಹನ್ನೊಂದು ದಿನ ಡೆಲಿಯಾ ಕ್ರೌಟರ್ ಅತ್ತದ್ದು ಕಡಿಮೆ, ಓದಿದ್ದು ಹೆಚ್ಚು. ಓದಿದ್ದು ಅಮೆರಿಕದ ಸಂಸತ್ತಿನ ಮುಂದಿದ್ದ ಆರೋಗ್ಯ ವಿಮೆಯ ಹೊಸ ಮಸೂದೆ. ಸಾವಿರ ಪುಟ ದಾಟಿದ ಆ ಮಸೂದೆಯಲ್ಲಿ ಅವಳಿಗೆ ಬೇಕಾಗಿದ್ದದ್ದು ನಾಲ್ಕುನೂರ ಇಪ್ಪತ್ತೈದನೇ ಪುಟ ಮಾತ್ರ. ಅದು ಈಗ ಬಾಯಿಪಾಠವಾಗಿತ್ತು.

ಜುಲೈ ಕೊನೆಯಲ್ಲಿ ವೆಂಡೆಲ್ ಪ್ರೂಯಿಟ್ ಕಳಿಸಿದ ಇಮೇಲ್‌ನಲ್ಲಿ ಇದ್ದದ್ದೂ ಅದೇ ಪುಟದ ಸಂಖ್ಯೆ. "ಮುದುಕರನ್ನೆಲ್ಲ ಸರ್ಕಾರ ಕರೆಸಿ, ಹೇಗೆ ಸಾಯುತ್ತೀರಿ ಎಂದು ಕೇಳಿ ಸಹಿ ಹಾಕಿಸಿಕೊಳ್ಳುತ್ತದೆ. ಸಹಿ ಬಿತ್ತೋ, ಔಷಧಿ ನಿಂತಿತು. ಅಂಥ ಯಾವ ಕಾಗದಕ್ಕೂ ಕೈ ಹಾಕಬೇಡಿ." ವೆಂಡೆಲ್ ಚರ್ಚಿನ ಹಿರಿಯ, ಬೈಬಲ್ ತರಗತಿಯ ಮೇಷ್ಟ್ರು. ನಲವತ್ತಮೂರು ಜನರಿಗೆ ಕಳಿಸಿದ್ದ. ಅದರಲ್ಲಿ ಅಮ್ಮನೂ ಒಬ್ಬಳು.

ಅಮ್ಮನ ಶ್ವಾಸಕೋಶ ಸೋತು ಎರಡು ವರ್ಷವಾಗಿತ್ತು. ಉಸಿರಿನ ಯಂತ್ರಕ್ಕೆ ಹಾಕಬೇಡಿ ಎಂದು ಬರೆದುಕೊಡುವ ಕಾಗದವನ್ನು ಡಾಕ್ಟರು ಕೊಟ್ಟಿದ್ದರು. ಅಮ್ಮ ಅದನ್ನು ತುಂಬಿಸಿ, ಸಹಿಯೊಂದು ಬಾಕಿಯಿಟ್ಟು, ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡಿದ್ದಳು. ಇಮೇಲ್ ಓದಿದವಳೇ ಅದನ್ನು ಹರಿದಳು.

"ಅದು ಬರೀ ಗಾಳಿಸುದ್ದಿ, ಅಮ್ಮಾ."

"ವೆಂಡೆಲ್ ಸುಳ್ಳು ಹೇಳೋನಲ್ಲ ಕಣೆ. ಪುಟದ ನಂಬರ್ ಸಮೇತ ಬರೆದಿದಾನೆ. ನೀನು ಓದಿದೀಯಾ ಆ ಪುಟ?"

ಡೆಲಿಯಾ ಓದಿರಲಿಲ್ಲ. ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಇಡೀ ಊರಿಗೆ ಪುಸ್ತಕ ಹುಡುಕಿಕೊಡುವವಳು, ಅದೊಂದನ್ನು ಓದಿರಲಿಲ್ಲ.

ಎರಡೇ ವಾರಕ್ಕೆ ಅಮ್ಮನ ಉಸಿರು ಕೈಕೊಟ್ಟಿತು. ಟೆಕ್ಸಸ್‌ನಿಂದ ಅಣ್ಣ ಫೋನಿನಲ್ಲಿ ಕಿರುಚಿದ: "ಯಂತ್ರ ಬೇಡ ಅಂತ ಅಮ್ಮ ಎಲ್ಲಿ ಬರೆದಿದಾಳೆ? ತೋರಿಸು!" ತೋರಿಸಲು ಕಾಗದವಿರಲಿಲ್ಲ. ಗಂಟಲಿಗೆ ಕೊಳವೆ ಇಳಿಸಿದರು. ಅದನ್ನು ಕಿತ್ತುಕೊಳ್ಳಬಾರದೆಂದು ಅಮ್ಮನ ಕೈಗಳನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟಿದರು. ಒಂಬತ್ತು ದಿನ.

ಡೆಲಿಯಾಳನ್ನು ಸುಡುತ್ತಿದ್ದ ಕೆಂಡ ಇನ್ನೊಂದಿತ್ತು. ಗ್ರಂಥಾಲಯದಲ್ಲಿ ಜನರ ಸಹಿಗೆ ಸಾಕ್ಷಿಯಾಗಿ ಒತ್ತುವ ನೋಟರಿ ಮುದ್ರೆಯೂ ಅವಳದೇ. ಏಪ್ರಿಲ್‌ನಲ್ಲಿ ವೆಂಡೆಲ್ ಹೆಂಡತಿಯೊಡನೆ ಬಂದು ಒಂದು ಕಾಗದಕ್ಕೆ ಸಹಿ ಹಾಕಿದ್ದ, ಇವಳು ಮುದ್ರೆ ಒತ್ತಿದ್ದಳು. ಅಮ್ಮ ಹರಿದಂಥದ್ದೇ ಕಾಗದ. ಯಂತ್ರ ಬೇಡ, ಕೊಳವೆ ಬೇಡ. ಆದರೆ ಮೇಜಿನಾಚೆ ಕಂಡದ್ದನ್ನು ಹೊರಗೆ ಆಡುವಂತಿಲ್ಲ. ಕೆಲಸಕ್ಕೆ ಸೇರಿದ ದಿನ ಕೊಟ್ಟ ಮಾತು ಅದು. ಆಡಿದರೆ ಕೆಲಸ ಹೋಗುತ್ತದೆ. ಆಡದಿದ್ದರೆ ಅವನು ತಲೆಯೆತ್ತಿಕೊಂಡೇ ಓಡಾಡುತ್ತಾನೆ.

ಆದರೆ ಬರ್ನೀಸ್ ಇದ್ದಳಲ್ಲ. ವೆಂಡೆಲ್‌ನ ಹೆಂಡತಿ ಬರ್ನೀಸ್‌ಗೆ ಗಂಡನ ಮಾತು ತಿದ್ದದೆ ಊಟ ಸೇರುತ್ತಿರಲಿಲ್ಲ. ಚರ್ಚಿನ ಭೋಜನದಲ್ಲಿ ಅವನು ಹತ್ತು ಪೌಂಡಿನ ಮೀನು ಹಿಡಿದೆನೆಂದರೆ ಮೂರು ಮೇಜಿನಾಚೆಯಿಂದ "ಆರು!" ಎಂದು ಕೂಗುತ್ತಿದ್ದಳು.

ಸಂಸತ್ ಸದಸ್ಯರು ಜನರ ಪ್ರಶ್ನೆ ಕೇಳಲು ಶನಿವಾರ ಹೈಸ್ಕೂಲಿನ ಆಟದ ಹಾಲ್‌ಗೆ ಬಂದರು. ಮೈಕಿನ ಮುಂದೆ ಸಾಲು. ಡೆಲಿಯಾ ವೆಂಡೆಲ್‌ನ ಬೆನ್ನ ಹಿಂದೆಯೇ ನಿಂತಳು. ನಾಲ್ಕು ಜನರೆದುರು ಹೆಸರು ಹೇಳಲೂ ತೊದಲುವವಳು. ಕೈಯ ಕಾಗದ ಬೆವರಿಗೆ ಮೆತ್ತಗಾಗಿತ್ತು.

ವೆಂಡೆಲ್ ಗುಡುಗಿದ. "ನಾಲ್ಕುನೂರ ಇಪ್ಪತ್ತೈದನೇ ಪುಟ, ಸ್ವಾಮೀ! ನಮ್ಮನ್ನ ಸಾಯಿಸೋಕೆ ನಮ್ಮ ಕೈಲೇ ಸಹಿ ಹಾಕಿಸ್ತೀರಾ?" ಚಪ್ಪಾಳೆ. ಯಾರೋ ಸೀಟಿ ಹೊಡೆದರು.

ಅವನು ತಿರುಗುವುದರೊಳಗೆ ಡೆಲಿಯಾ ಕಾಗದ ಚಾಚಿದಳು. "ಪ್ರೂಯಿಟ್ ಅವರೇ, ಆ ಪುಟ ಇದು. ಓದ್ತೀರಾ?"

"ಕನ್ನಡಕ ತಂದಿಲ್ಲ, ಮಗೂ."

"ಜೇಬಲ್ಲೇ ಇದೆಯಲ್ರೀ!" ಮೊದಲ ಸಾಲಿನಿಂದ ಬರ್ನೀಸ್.

ಹಾಲ್ ನಕ್ಕಿತು. ಅವನು ಓದಲೇಬೇಕಾಯಿತು. ಓದುತ್ತ ಓದುತ್ತ ಅವನ ದನಿ ತಗ್ಗಿತು. ಕೊನೆಗಾಲದ ಚಿಕಿತ್ಸೆ ಹೇಗಿರಬೇಕೆಂದು ರೋಗಿ ಡಾಕ್ಟರ ಜೊತೆ ಕೂತು ಮಾತಾಡಿದರೆ, ವೃದ್ಧರ ಸರ್ಕಾರಿ ವಿಮೆ ಐದು ವರ್ಷಕ್ಕೊಮ್ಮೆ ಆ ಡಾಕ್ಟರ ಫೀಸು ಕಟ್ಟುತ್ತದೆ. ಅಷ್ಟೇ.

"ಕರೆಸೋದು ಎಲ್ಲಿದೆ? ಔಷಧಿ ನಿಲ್ಲಿಸೋದು?" ಡೆಲಿಯಾಳ ದನಿ ನಡುಗಲಿಲ್ಲ. ಅವಳಿಗೇ ಆಶ್ಚರ್ಯ.

"ಸಾಲುಗಳ ನಡುವೆ ಇರುತ್ತೆ. ಒಟ್ಟಿನಲ್ಲಿ ಅಂಥ ಕಾಗದಕ್ಕೆ ಮರ್ಯಾದಸ್ಥರು ಕೈ ಹಾಕಲ್ಲ."

"ನೀವು ಹಾಕಿಲ್ವಾ?"

ಅವನು ಅವಳ ಮುಖ ನೋಡಿದ. ಇವಳು ಬಾಯಿ ಬಿಡುವಂತಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ತುಟಿಯಲ್ಲಿ ಸಣ್ಣ ನಗು ಬಂತು. "ಜನ್ಮದಲ್ಲಿ ಹಾಕಿಲ್ಲ."

ಡೆಲಿಯಾ ತಲೆ ಹೊರಳಿಸಿ ಮೊದಲ ಸಾಲಿನತ್ತ ನೋಡಿದಳು, ಕಾದಳು.

"ಏಪ್ರಿಲ್‌ನಲ್ಲಿ ಹಾಕಿದ್ರಲ್ಲ!" ಬರ್ನೀಸ್ ಎದ್ದೇ ನಿಂತಳು. "ನಾನೇ ಪಕ್ಕದಲ್ಲಿ ಕೂತಿದ್ದೆ. ಆಮೇಲೆ ಹೋಟ್ಲಿಗೆ ಹೋಗಿ ಎರಡು ತುಂಡು ಪೈ ತಿಂದ್ರಿ. ಮರ್ತೋಯ್ತಾ?"

ಮೊದಲು ಒಬ್ಬ ನಕ್ಕ, ಆಮೇಲೆ ಇಡೀ ಹಾಲ್. ಸೀಟಿ ಹೊಡೆದವನು ಈಗಲೂ ಸೀಟಿ ಹೊಡೆದ. ವೆಂಡೆಲ್‌ನ ಮುಖ ಕಿವಿಯವರೆಗೂ ಕೆಂಪೇರಿತು. ಡೆಲಿಯಾ ಅದನ್ನು ಮನಸಾರೆ ನೋಡಿದಳು. ನಗಲಿಲ್ಲ.

ಪಾರ್ಕಿಂಗ್ ಜಾಗದಲ್ಲಿ ಅವನು ಬೆನ್ನಟ್ಟಿ ಬಂದ. "ಮಗೂ, ನಿಮ್ಮಮ್ಮನ ವಿಷಯ... ಯಾರೋ ಕಳಿಸಿದ್ದನ್ನ ನಾನು ಮುಂದಕ್ಕೆ ದಾಟಿಸಿದೆ ಅಷ್ಟೇ."

"ನಿಮಗೆ ಒಳ್ಳೇದು ಅಂತ ಕಂಡಿದ್ದು ನಮ್ಮಮ್ಮನಿಗೆ ಯಾಕೆ ಬೇಡವಾಯ್ತು?"

ಅವಳು ಚೀಲದಿಂದ ಇನ್ನೊಂದು ಹಾಳೆ ತೆಗೆದು ಕೊಟ್ಟಳು. ನಲವತ್ತಮೂರು ವಿಳಾಸ. "ಸುಳ್ಳು ಹೋದ ಜಾಗಕ್ಕೆಲ್ಲ ನಿಜಾನೂ ಹೋಗ್ಲಿ. ಅಮ್ಮನ ವಿಳಾಸ ಬಿಡಬೇಡಿ. ಅವಳ ಮೇಲ್ ಈಗ ನಾನು ನೋಡ್ತೀನಿ."

"ಅವರು ಈಗ ಇಲ್ಲವಲ್ಲಮ್ಮ."

"ಗೊತ್ತು. ಒಂಬತ್ತು ದಿನ ಪಕ್ಕದಲ್ಲೇ ಕೂತಿದ್ದೆ."

ಭಾನುವಾರ ಚರ್ಚಿನಲ್ಲಿ ಅವನ ಕುರ್ಚಿ ಖಾಲಿಯಿತ್ತು. ಸೋಮವಾರ ಬೆಳಿಗ್ಗೆ ಅಮ್ಮನ ಇಮೇಲ್ ಪೆಟ್ಟಿಗೆಗೆ ಅವನ ಪತ್ರ ಬಂದು ಬಿತ್ತು. "ಮಸೂದೆಯ ಕುರಿತು ಕೆಲವು ತಪ್ಪು ಮಾಹಿತಿಗಳು ಹರಡಿದ್ದವು. ವಿಷಾದವಿದೆ."

ಹರಡಿದ್ದವಂತೆ, ತಮ್ಮಷ್ಟಕ್ಕೆ ತಾವೇ.

ಡೆಲಿಯಾ ಕಾಫಿ ಮುಗಿಸಿದಳು. ಅಮ್ಮನ ವಿಳಾಸದಿಂದಲೇ, ನಲವತ್ತಮೂರೂ ಜನಕ್ಕೆ ಕಾಣುವಂತೆ ಉತ್ತರ ಬರೆದಳು: "ವೆಂಡೆಲ್, ಹರಡಿದ್ದು ಯಾರು ಅಂತ ಬಿಟ್ಟುಹೋಗಿದೆ. ಇನ್ನೊಮ್ಮೆ ಬರೆದು ಕಳಿಸು." ಕೆಳಗೆ ಅಮ್ಮನ ಹೆಸರು ಹಾಕಿದಳು.

ಕಳಿಸುವ ಗುಂಡಿ ಒತ್ತಿ, ಗ್ರಂಥಾಲಯದ ಬಾಗಿಲು ತೆರೆಯಲು ಹೊರಟಳು.