ಮರಿಗಳಿಗೆ ಸೋಸಿದ ನೀರು

ರಾಮದುರ್ಗದ ಪೇಟೆಯಲ್ಲಿ ವಿರೂಪಾಕ್ಷನದು ಬಟ್ಟೆ ಅಂಗಡಿ. ತೊಂಬತ್ನಾಲ್ಕರ ದೀಪಾವಳಿಗೆ ಗಿರಾಕಿಗಳ ಕಣ್ಣು ಸೆಳೆಯಲೆಂದು ಬೆಳಗಾವಿಯಿಂದ ಒಂದು ಗಾಜಿನ ತೊಟ್ಟಿ ತಂದು, ನಾಲ್ಕು ಗೋಲ್ಡ್ ಫಿಶ್ ಬಿಟ್ಟು ಅಂಗಡಿಯಲ್ಲಿಟ್ಟ. ಹಬ್ಬದ ಗದ್ದಲದಲ್ಲಿ ಯಾರದೋ ಕೂಸು ಅದರೊಳಗೆ ಬಿಸ್ಕೀಟು ಹಾಕಿತು. ಒಂದು ಮೀನು ಸತ್ತಿತು. ಉಳಿದ ಮೂರನ್ನು ತೊಟ್ಟಿ ಸಮೇತ ಮನೆಗೆ ತಂದು ಪಡಸಾಲೆಯಲ್ಲಿಟ್ಟ ವಿರೂಪಾಕ್ಷ ಮತ್ತೆ ಆ ಕಡೆ ನೋಡಲಿಲ್ಲ.

ಅವನ ತಾಯಿ ಕೆಂಚವ್ವ ಸ್ನಾನ, ಲಿಂಗಪೂಜೆ ಮುಗಿಯದೆ ಒಂದು ಗುಟುಕು ನೀರೂ ಕುಡಿಯುವವಳಲ್ಲ.

"ಹೊಳಿಯಾಗ ಇರೂದನ್ನ ಮನ್ಯಾಗ ಯಾಕ ತಂದೀಯೋ?" ಎಂದು ಒಂದೇ ಸಲ ಕೇಳಿದಳು. ತೊಟ್ಟಿಯ ಮುಂದೆ ಹಾದು ಹೋಗುವಾಗ ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು.

ಮೀನುಗಳ ಪಾಲನೆ ಸೊಸೆ ಅನ್ನಪೂರ್ಣಾಳ ಪಾಲಿಗೆ ಬಂತು. ಅವಳು ಬೈಲಹೊಂಗಲದ ಹುಡುಗಿ. ಕಾಲೇಜಿನಲ್ಲಿ ಬಿ.ಎಸ್ಸಿ. ಒಂದು ವರ್ಷ ಓದುವಷ್ಟರಲ್ಲಿ ಮದುವೆಯಾಗಿತ್ತು. ಪ್ರಾಣಿಶಾಸ್ತ್ರದ ಪುಸ್ತಕವೊಂದನ್ನು ಸೀರೆಗಳ ಕೆಳಗೆ ಇಟ್ಟುಕೊಂಡು ಬಂದಿದ್ದಳು. ಅದನ್ನು ತೆರೆಯುವ ಕಾರಣ ಆರು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದಾಗ ಒಂದು ಮುಂಜಾನೆ ಎರಡು ಮೀನುಗಳು ಮೂರನೆಯದನ್ನು ತೊಟ್ಟಿಯ ತುಂಬ ಅಟ್ಟಿಸಿಕೊಂಡು ಓಡುತ್ತಿದ್ದವು. ನೀರೊಳಗಿನ ಗಿಡದ ಎಲೆಗಳಿಗೆ ನೆನೆದ ಸಾಬೂದಾಣಿಗಿಂತ ಸಣ್ಣ ಕಾಳುಗಳು ಅಂಟಿದ್ದವು. ನೋಡನೋಡುತ್ತಿದ್ದಂತೆಯೇ ತಾಯಿಮೀನು ತಿರುಗಿ ಬಂದು ಒಂದೊಂದನ್ನೇ ತಿನ್ನತೊಡಗಿತು. ಅನ್ನಪೂರ್ಣಾ ಸೆರಗು ಸಿಕ್ಕಿಸಿಕೊಂಡು ಕೈ ಹಾಕಿ ಗಿಡವನ್ನೇ ಎತ್ತಿ, ತೊಟ್ಟಿಯದೇ ನೀರು ತುಂಬಿದ ಬಿಳಿ ಪ್ಲಾಸ್ಟಿಕ್ ಟಬ್ಬಿಗೆ ಹಾಕಿದಳು.

ನಾಲ್ಕನೆಯ ದಿನ ಟಬ್ಬಿನ ಗೋಡೆಗೆ ಮರಿಗಳು ಜೋತುಬಿದ್ದಿದ್ದವು. ಮುರಿದ ರೆಪ್ಪೆಗೂದಲಿಗೆ ಎರಡು ಕರಿ ಚುಕ್ಕೆ ಇಟ್ಟಂತಿದ್ದವು. ಇನ್ನೂರಕ್ಕೆ ಕಡಿಮೆ ಇರಲಿಲ್ಲ. ಮತ್ತೆರಡು ದಿನಕ್ಕೆ ಗೋಡೆ ಬಿಟ್ಟು ಈಜತೊಡಗಿದವು. ಈಗ ಅವಕ್ಕೆ ತಿನ್ನಲು ಏನಾದರೂ ಬೇಕಿತ್ತು.

ಮಾಲು ತರಲು ಬೆಳಗಾವಿಗೆ ಹೋಗಿದ್ದ ವಿರೂಪಾಕ್ಷ ಮೀನಿನ ಅಂಗಡಿಯವನನ್ನು ಕೇಳಿಕೊಂಡು ಬಂದ. "ಕುದಿಸಿದ ತತ್ತಿ ಹಳದಿ ಹಾಕ್ಬೇಕಂತ. ಸಾಸಿವಿ ಕಾಳಿನಷ್ಟು. ಆದ್ರ ನಮ್ಮ ಮನ್ಯಾಗ ತತ್ತಿ ಹೆಂಗ ಬರಬೇಕು? ಬಿಡು ಅತ್ಲಾಗ," ಎಂದ.

ಎದುರು ಮನೆಯ ಬಾಡಿಗೆ ಖೋಲಿಯಲ್ಲಿ ಪೂನಮ್ ಇದ್ದಳು. ಸವದತ್ತಿ ಕಡೆಯ ಬೌದ್ಧ ಮನೆತನದ ಹುಡುಗಿ, ಸರಕಾರಿ ದವಾಖಾನೆಯಲ್ಲಿ ನರ್ಸು. ಅನ್ನಪೂರ್ಣಾ ನೀರು ತರುವ ನೆಪದಲ್ಲಿ ಹೋಗಿ ಸಂಗತಿ ಹೇಳಿದಳು.

"ಅದಕ್ಕೇನ್ರಿ ವೈನಿ, ನಾ ದಿನಾ ಮುಂಜಾನಿ ಒಂದು ಕುದಸೇ ಕುದಸತೇನಿ. ಒಂಚೂರು ಚೀಟ್ಯಾಗ ಕಟ್ಟಿ ಕೊಡತೇನಿ," ಎಂದ ಪೂನಮ್, ಮರಿಗಳನ್ನು ಹಿಡಿದು ಸ್ಥಳ ಬದಲಿಸಲು ಕಣ್ಣಿಗೆ ಔಷಧ ಬಿಡುವ ಒಂದು ಖಾಲಿ ನಳಿಕೆಯನ್ನೂ ಕೊಟ್ಟಳು.

ಎರಡು ದಿನ ಎಲ್ಲವೂ ಸರಿಯಾಗಿತ್ತು. ಮೂರನೆಯ ದಿನ ಅನ್ನಪೂರ್ಣಾಳಿಗೆ ಇಷ್ಟು ಜೀವಕ್ಕೆ ಸಾಸಿವೆಯಷ್ಟು ಎಲ್ಲಿ ಸಾಕು ಅನ್ನಿಸಿತು. ಮುಂಜಾನೆ ಹಾಕಿದಳು, ಮಧ್ಯಾಹ್ನ ಹಾಕಿದಳು, ಸಂಜೆ ಉಳಿದದ್ದನ್ನೆಲ್ಲ ಹಾಕಿದಳು.

ಬೆಳಗಾದಾಗ ಟಬ್ಬಿನ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ತಳದಲ್ಲಿ ಸತ್ತ ಮರಿಗಳು ನೂಲಿನ ಚೂರುಗಳಂತೆ ಬಿದ್ದಿದ್ದವು. ಅವಳು ನೆಲದ ಮೇಲೆ ಕುಳಿತು ಬದುಕಿದ್ದವನ್ನು ಒಂದೊಂದಾಗಿ ನಳಿಕೆಯಲ್ಲಿ ಎಳೆದು ಬೇರೆ ಬೋಗುಣಿಗೆ ಬಿಡುತ್ತಿದ್ದಳು. ಅಷ್ಟರಲ್ಲಿ ಸ್ನಾನ ಮುಗಿಸಿ ಪೂಜೆಗೆ ಹೊರಟಿದ್ದ ಕೆಂಚವ್ವ ಅಲ್ಲಿಯೇ ನಿಂತಳು.

"ಏನಿದು ವಾಸನಿ?"

"ಮರಿ ಸತ್ತಾವ್ರಿ ಅತ್ತಿ."

"ಇದು ಮೀನಿನ ವಾಸನಿ ಅಲ್ಲ. ಏನ ಹಾಕೀದಿ ಇದರಾಗ?"

ಸುಳ್ಳು ಹೇಳಬಹುದಿತ್ತು. ಅನ್ನಪೂರ್ಣಾಳಿಗೆ ಆ ಹೊತ್ತಿನಲ್ಲಿ ಸುಳ್ಳು ಹುಡುಕುವ ಶಕ್ತಿ ಇರಲಿಲ್ಲ. "ಕೋಳಿ ತತ್ತಿದು ಹಳದಿ. ಪೂನಮ್ ಕೊಟ್ಲು, ನಾನ ಕೇಳಿ ತಂದೆ. ಹೆಚ್ಚ ಹಾಕಿದೆ. ನಾನ ಕೊಂದೆ ಇವನ್ನ."

ಕೆಂಚವ್ವ ಬೈಯಲಿಲ್ಲ. ಮತ್ತೆ ಸ್ನಾನ ಮಾಡಿದಳು, ಪೂಜೆ ಮಾಡಿದಳು. ಆಮೇಲೆ ಸೊಸೆ ಬಡಿದಿಟ್ಟ ರೊಟ್ಟಿ ಮುಟ್ಟದೆ, ತಾನೇ ಒಲೆ ಹಚ್ಚಿ ಒಂದು ರೊಟ್ಟಿ ಮಾಡಿಕೊಂಡು ಉಪ್ಪು-ಖಾರ ಹಚ್ಚಿ ತಿಂದಳು. ಊಟಕ್ಕೆ ಬಂದ ವಿರೂಪಾಕ್ಷ ತಾಯಿ, ಹೆಂಡತಿ ಇಬ್ಬರ ಮುಖವನ್ನೂ ನೋಡಿ, "ಸಂಜಿಕ ಎಲ್ಲಾ ಹೊಳಿಗೆ ಬಿಟ್ಟ ಬಾ. ಮನ್ಯಾಗ ಈ ತಕರಾರ ಬ್ಯಾಡ," ಎಂದು ಹೇಳಿ ಅಂಗಡಿಗೆ ಹೋದ. ಅನ್ನಪೂರ್ಣಾ ಹೂಂ ಎಂದಳು. ಬೋಗುಣಿಯಲ್ಲಿ ನಲವತ್ತು ಮರಿಗಳು ಉಳಿದಿದ್ದವು.

ಮಧ್ಯಾಹ್ನ ಅವಳು ಪಾತ್ರೆ ತೊಳೆದು ಒಳಗೆ ಬಂದರೆ ಅತ್ತೆ ಬೋಗುಣಿಯ ಮುಂದೆ ಕನ್ನಡಕ ಹಾಕಿಕೊಂಡು ಕುಳಿತಿದ್ದಳು.

"ಇವಕ್ಕ ಬಾಯಿ ಎಷ್ಟಿರತೈತಿ?"

"ಸೂಜಿ ತುದಿಯಷ್ಟು ಇರಬಹುದ್ರಿ."

"ಹೊಳ್ಯಾಗ ಇವಕ್ಕ ಯಾರು ತತ್ತಿ ಕುದಿಸಿ ಹಾಕತಾರ? ನೀರಾಗ ಹುಳ ಇರತಾವ, ಅವನ್ನ ತಿಂತಾವ." ಕೆಂಚವ್ವ ಸೀರೆಯ ಅಂಚು ತುಸು ಎತ್ತಿ ಹಿಮ್ಮಡಿಯ ಮೇಲಿದ್ದ ಕಲೆ ತೋರಿಸಿದಳು. ಕಾಸಿನಗಲದ, ನುಣುಪಾದ ಹಳೆಯ ಗಾಯ. "ನಾರುಹುಣ್ಣು. ನಿನಗಿಂತ ಸಣ್ಣಾಕಿ ಇದ್ದೆ ಆಗ. ಬಾವಿ ನೀರ ಕುಡದು ಆಗಿದ್ದು. ಇಲ್ಲಿಂದ ಹುಳಾ ಬಂತು, ದಾರಧಂಗ. ದಿನಾ ಒಂದೀಟ ಕಡ್ಡಿಗೆ ಸುತ್ತಿ ತಗೀಬೇಕು, ಹರದ್ರ ಕಾಲ ಹೋಗತೈತಿ. ಮೂರು ತಿಂಗಳ ಮಲಗಿದ್ದೆ. ನಮ್ಮತ್ತಿ, ಕೆಲಸಾ ತಪ್ಪಿಸಾಕ ನಾಟಕ ಮಾಡತಾಳ ಅಂದ್ಳು."

ಅನ್ನಪೂರ್ಣಾ ಆ ಕಲೆಯನ್ನು ದಿನವೂ ನೋಡಿದ್ದಳು. ಸುಟ್ಟ ಗಾಯ ಎಂದುಕೊಂಡಿದ್ದಳು.

"ಆಮ್ಯಾಲೆ ಎಷ್ಟೋ ವರ್ಷಕ್ಕ ದವಾಖಾನಿಯವರು ಬಂದು ಬಾವಿ ನೀರ ಗಾಜಿನ ಗಿಲಾಸಿನ್ಯಾಗ ಹಿಡದು ತೋರಿಸಿದ್ರು. ಬಿಳಿ ಚುಕ್ಕಿ ಜಿಗದಾಡಾಕ ಹತ್ತಿದ್ವು. ಈ ಹುಳದಿಂದನ ನಾರುಹುಣ್ಣು ಬರತೈತಿ, ಸೋಸಿ ಕುಡೀರಿ ಅಂತ ಜಾಳಗಿ ಬಟ್ಟಿ ಕೊಟ್ರು. ಈಗ ನಳ ಬಂದ್ರೂ ನಾ ಸೋಸೂದು ಬಿಟ್ಟಿಲ್ಲ." ಅವಳು ಮೊಣಕಾಲು ಹಿಡಿದು ಎದ್ದಳು. "ನಡಿ."

ಎದುರು ಮನೆಯ ಬಾಗಿಲಲ್ಲಿ ಕೆಂಚವ್ವ ನಿಂತದ್ದನ್ನು ಕಂಡು ಪೂನಮ್ ಗಾಬರಿಯಾಗಿ ಎದ್ದು ನಿಂತಳು. "ತಪ್ಪು ನಂದೂ ಐತ್ರಿ ಆಯಿ. ವೈನಿ ಒಬ್ಬರಿಗೇ ಬೈಬ್ಯಾಡ್ರಿ."

"ಅದು ಮುಗೀತು. ನಾರುಹುಣ್ಣಿನ ಬಟ್ಟಿ ಅದಾವೇನು ನಿಮ್ಮ ದವಾಖಾನ್ಯಾಗ?"

"ಈಗ ಆ ಬ್ಯಾನಿ ಎಲ್ಲೈತ್ರಿ? ಬಟ್ಟಿ ಮಾತ್ರ ಒಂದು ಗಂಟ ಬಿದ್ದೈತಿ."

"ಎರಡು ತಗೊಂಬಾ. ದೊಡ್ಡ ಕಣ್ಣಿಂದೊಂದು, ಸಣ್ಣ ಕಣ್ಣಿಂದೊಂದು."

ಸಂಜೆ ಅತ್ತೆ-ಸೊಸೆ ಪೂನಮ್ ತಂದುಕೊಟ್ಟ ಬಟ್ಟೆ, ಕೊಡ ಹಿಡಿದು ಹೊಳೆ ದಂಡೆಯ ಕಡೆ ನಡೆದರು. ಅಲ್ಲಿ ಕೆಂಚವ್ವನ ಮೈದುನ ನಿಜಗುಣಪ್ಪನ ಹೊಲ. ದನ ನೀರು ಕುಡಿಯುವ ಕಲ್ಲಿನ ತೊಟ್ಟಿ ಹಸಿರುಗಟ್ಟಿತ್ತು. ಕೆಂಚವ್ವ ನೀರನ್ನು ಮೊಗೆದು ಸಣ್ಣ ಕಣ್ಣಿನ ಬಟ್ಟೆಯಲ್ಲಿ ಕೊಡಕ್ಕೆ ಸೋಸಿದಳು. ಬಟ್ಟೆಯಲ್ಲಿ ನಿಂತ ಹುಳುಗಳನ್ನು ತೊಟ್ಟಿಗೇ ಕೊಡವಿದಳು.

"ಅವನ್ನ ಚೆಲ್ಲಿದ್ರಲ್ರಿ?"

"ಅವು ಈಗ ಮರೀನ ತಿಂತಾವ. ಒಂದು ವಾರ ಬರೇ ಈ ಹಸರು ನೀರ ಹಾಕು. ಮರಿ ಬಲತ ಮ್ಯಾಲೆ, ದೊಡ್ಡ ಕಣ್ಣಿನ ಬಟ್ಟ್ಯಾಗ ಇಳದು ಸಣ್ಣದರಾಗ ನಿಂತದ್ದನ್ನ ಹಾಕೋಣು."

ಅವಳು ಓದಿದ್ದ ಪ್ರಾಣಿಶಾಸ್ತ್ರದ ಪುಸ್ತಕದಲ್ಲಿ ಹೀಗೆ ಬರೆದಿರಲಿಲ್ಲ. ಆದರೆ ಅನ್ನಪೂರ್ಣಾಳಿಗೆ ಅದು ಥಟ್ಟನೆ ಅರ್ಥವಾಯಿತು. ಮನೆಗೆ ಬಂದು ಒಂದು ಬಟ್ಟಲು ಹಸಿರು ನೀರು ಬೋಗುಣಿಗೆ ಬಿಟ್ಟಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುಳಿತು, "ಎರಡು ರೊಟ್ಟಿ ಹಾಕು. ಹಸಿವ್ಯಾಗೈತಿ," ಎಂದಳು. ಅನ್ನಪೂರ್ಣಾ ಬೆನ್ನು ತಿರುಗಿಸಿ ಹಿಟ್ಟು ಕಲಸುತ್ತ ಒಂದು ಗಳಿಗೆ ಕಣ್ಣು ಒರೆಸಿಕೊಂಡಳು.

ಹೊಳೆಗೆ ಬಿಡುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಮೊದಲ ವಾರ ದಿನಕ್ಕೆ ಎರಡು ಮೂರು ಸತ್ತವು, ಆಮೇಲೆ ನಿಂತಿತು. ಗಾಜಿನಂಥ ಮೈಯೊಳಗೆ ತುಂಬಿದ ಹೊಟ್ಟೆ ಹಸಿರಾಗಿ ಕಾಣುತ್ತಿತ್ತು. ಹುಳು ಹಾಕತೊಡಗಿದ ಮೇಲೆ ಅವು ಜಿಗಿದು ಹಿಡಿಯುವುದನ್ನು ಕೆಂಚವ್ವ ಅರ್ಧ ತಾಸು ಕುಳಿತು ನೋಡುತ್ತಿದ್ದಳು. ಅನ್ನಪೂರ್ಣಾ ಒಂದು ಹಳೆಯ ನೋಟುಬುಕ್ಕಿನಲ್ಲಿ ತಾರೀಖು ಹಾಕಿ, ಎಷ್ಟು ಉದ್ದ, ಏನು ತಿಂದವು ಎಂದು ಬರೆದಿಡುತ್ತಿದ್ದಳು. ಬರೆದದ್ದನ್ನು ಅತ್ತೆ ಓದಿಸಿ ಕೇಳುತ್ತಿದ್ದಳು, ತಪ್ಪಿದ್ದರೆ ತಿದ್ದಿಸುತ್ತಿದ್ದಳು.

ಇಪ್ಪತ್ತಮೂರು ಉಳಿದವು. ಬೆರಳಿನ ಗೆಣ್ಣಿನಷ್ಟಾದರೂ ಅವುಗಳ ಮೈಬಣ್ಣ ಕೆಸರಿನದೇ. "ಇವು ಬಂಗಾರದ ಮೀನ ಅಲ್ಲ ಬಿಡು, ಕಸಬರಗಿ ಬಣ್ಣದವು," ಎಂದು ಕೆಂಚವ್ವ ಬೇಸರ ಮಾಡಿಕೊಂಡಳು. ಶ್ರಾವಣದ ಹೊತ್ತಿಗೆ ಒಂದರ ಹೊಟ್ಟೆಯ ಬದಿಗೆ ಕೆಂಪು ಹತ್ತಿತು. ನಂತರ ಒಂದರ ಹಿಂದೆ ಒಂದು ಬಣ್ಣ ಬದಲಿಸಿದವು.

ದಸರೆಯ ಮುಂದೆ ಪೂನಮ್‌ಗೆ ಯರಗಟ್ಟಿಗೆ ವರ್ಗವಾಯಿತು. ಅವಳಿಗೆ ಕೊಡುವ ಎರಡು ಮೀನನ್ನು ಕೆಂಚವ್ವ ತಾನೇ ಆರಿಸಿದಳು. ಪ್ಲಾಸ್ಟಿಕ್ ಚೀಲಕ್ಕೆ ಅರ್ಧ ನೀರು, ಅರ್ಧ ಗಾಳಿ ತುಂಬಿ ಬಾಯಿ ಕಟ್ಟಿಸಿ ಬಸ್ ನಿಲ್ದಾಣದವರೆಗೂ ನಡೆದು ಬಂದಳು.

"ಹೋದ ಕೂಡ್ಲೆ ಹೊಸಾ ನೀರಿಗೆ ಸುರವಬ್ಯಾಡ. ಚೀಲಾ ಹಂಗ ತೇಲಾಕ ಬಿಡು, ಚಳಿ-ಬಿಸಿ ಹೊಂದಲಿ," ಎಂದು ಕಿಟಕಿಯ ಹತ್ತಿರ ನಿಂತು ಹೇಳಿದಳು. ಪೂನಮ್ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ತೊಡೆಯ ಮೇಲಿಟ್ಟುಕೊಂಡಳು.

"ಆತ್ರಿ ಆಯಿ. ಮರಿ ಹಾಕಿದ್ರ ಯಾರನ್ನ ಕೇಳಲಿ?"

"ನಮ್ಮ ಅನ್ನಪೂರ್ಣಾಗ ಕಾಗದಾ ಬರಿ," ಎಂದಳು ಕೆಂಚವ್ವ. "ಆಕಿ ಎಲ್ಲಾ ಬರದಿಟ್ಟಾಳ."