ಬೇಸಿಗೆಯ ಬಾಣಂತನ

ಏಪ್ರಿಲ್ ತಿಂಗಳ ಮಧ್ಯಾಹ್ನ. ಮಧುಗಿರಿ ಬೆಟ್ಟದ ಬುಡದ ಆ ಬೀದಿಯಲ್ಲಿ ನಾಯಿಯೂ ಓಡಾಡುತ್ತಿರಲಿಲ್ಲ. ಕರಿಬಸಮ್ಮ ಮಾತ್ರ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿಕೊಂಡು ಮಗಳು ಗಗನಾ ಮಲಗಿದ್ದ ಕೋಣೆಗೆ ಹೋದರು. ಕಿಟಕಿಯ ಸಂದಿಗೆ ಹಳೆ ಸೀರೆ ತುರುಕಿತ್ತು. ಫ್ಯಾನಿನ ಸ್ವಿಚ್ ಯಾರೂ ಮುಟ್ಟದಂತೆ ಟೇಪ್ ಅಂಟಿಸಿತ್ತು. ಹೆತ್ತು ವಾರವಾಗಿದ್ದ ಗಗನಾ ಸ್ವೆಟರ್ ತೊಟ್ಟು, ಕಿವಿಗೆ ಹತ್ತಿ ಇಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಪಕ್ಕದಲ್ಲಿ ಉಣ್ಣೆ ಕುಲಾವಿ ಹಾಕಿದ ಹೆಣ್ಣುಕೂಸು.

ಬೀದಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತನಕ್ಕೆ ಕರಿಬಸಮ್ಮನನ್ನೇ ಕೇಳುವುದು ವಾಡಿಕೆ. ಅವರು ಹಾಕಿದ ಪಥ್ಯ ಮೀರಲು ಅಳಿಯಂದಿರೂ ಹೆದರುತ್ತಿದ್ದರು. ಅಂಥವರ ಮನೆಯಲ್ಲೇ, ಇದೇ ಕೋಣೆಯಲ್ಲಿ, ಹೋದ ಬೇಸಿಗೆ ಗಗನಾಳ ಚೊಚ್ಚಲ ಕೂಸು ಜ್ವರ ಬಂದು ತೀರಿಕೊಂಡಿತ್ತು. ಯಾರದೋ ಕೆಟ್ಟ ದೃಷ್ಟಿ ಅಂದಿದ್ದರು ಕರಿಬಸಮ್ಮ. ಗಗನಾ ಏನೂ ಅಂದಿರಲಿಲ್ಲ. ಅಂದಿನಿಂದ ಅವಳು ಕೊಟ್ಟದ್ದು ಉಣ್ಣುತ್ತಾಳೆ, ಹೇಳಿದ ಕಡೆ ಮಲಗುತ್ತಾಳೆ. ಈ ಕೂಸು ಹುಟ್ಟಿದಾಗಲೂ ಅವಳ ಮುಖದಲ್ಲಿ ಸಂತೋಷವಾಗಲಿ ಭಯವಾಗಲಿ ಕಾಣಲಿಲ್ಲ.

ಬಾಣಂತಿಯನ್ನು ನೋಡಲು ಬಂದ ಆಶಾ ಕಾರ್ಯಕರ್ತೆ ತೇಜಸ್ವಿನಿ ಕೂಸಿನ ಎದೆ ಮುಟ್ಟಿ ಗಾಬರಿಯಾದಳು.

"ಅಜ್ಜಿ, ಮೈ ಸುಡ್ತಾ ಐತೆ. ಹಾಲು ಕುಡೀತಾ?"

"ಬೆಳಿಗ್ಗೆಯಿಂದ ಮೊಲೆ ಹಿಡೀತಿಲ್ಲ," ಅಂದಳು ಗಗನಾ, ಬೇರೆ ಯಾರದೋ ಕೂಸಿನ ವಿಷಯ ಹೇಳುವಂತೆ.

"ಮೊದ್ಲು ಇದನ್ನೆಲ್ಲ ಬಿಚ್ಚಿ ಅಜ್ಜಿ, ಕಿಟಕಿ ತೆಗೀರಿ. ಅಕ್ಕಂಗೆ ನೀರು ಕೊಡಿ, ತುಟಿ ಒಡೆದುಬುಟ್ಟೈತೆ."

"ನೀರು ಕುಡಿದ್ರೆ ಹೊಟ್ಟೆ ಬರ್ತದೆ, ಗಾಳಿ ತಗುಲಿದ್ರೆ ಶೀತ ಆಯ್ತದೆ. ಇದೇ ಕೋಣೇಲಿ ಐದು ಹೆತ್ತೋಳು ನಾನು. ಹೆಂಗೆ ನೋಡ್ಕೋಬೇಕು ಅಂತ ನೀನು ಹೇಳ್ಕೊಡ್ತೀಯಾ?"

"ನನ್ನ ಬಾಣಂತನಾನೂ ಹಿಂಗೇ ಆಯ್ತು ಅಜ್ಜಿ, ಆದ್ರೆ ಚಳಿಗಾಲದಲ್ಲಿ. ನೀವು ಹೆತ್ತಾಗ ಇದು ಮಣ್ಣಿನ ಮಾಳಿಗೆ, ತಂಪಾಗಿತ್ತು. ಈಗ ಆರ್‌ಸಿಸಿ. ಬಿಸಿಲೂ ಆಗಿನಂಗಿಲ್ಲ. ಮೈ ಬಿಸಿ ಇಳೀದಿದ್ರೆ ಈಗ್ಲೇ ಆಟೋ ಕರೀತೀನಿ, ಆಸ್ಪತ್ರೆಗೆ ಹೋಗಾಣ."

ಎರಡು ವರ್ಷದ ಹಿಂದೆ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸಿದಾಗ ಕರಿಬಸಮ್ಮ ಬೀದಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದರು. ಈಗ ಅವರು ಗೋಡೆಗೆ ಅಂಗೈ ಇಟ್ಟು ನೋಡಿದರು, ಇಟ್ಟ ಕೈಯನ್ನು ಕೂಡಲೇ ತೆಗೆದರು. ತೇಜಸ್ವಿನಿ ಹೇಳಿದ್ದು ನಿಜವಾದರೆ ಹೋದ ವರ್ಷದ ದೃಷ್ಟಿಯ ಮಾತು ಸುಳ್ಳಾಗುತ್ತದೆ. ಅದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಟ ಹಿಡಿದರೆ ತಮ್ಮ ಮಾತು ಉಳಿಯುತ್ತದೆ. ಕೂಸು ಉಳಿಯುತ್ತದೋ ಇಲ್ಲವೋ.

ಅವರು ಬಗ್ಗಿ ಕೂಸಿನ ಕುಲಾವಿ ತೆಗೆದರು.

ತಾಯಿ ಮಗು ಇಬ್ಬರನ್ನೂ ನೆರಳಿದ್ದ ಪಡಸಾಲೆಗೆ ಕರೆತಂದರು. ಗಗನಾ ಎರಡು ಚೊಂಬು ನೀರನ್ನು ಒಂದೇ ಸಮನೆ ಕುಡಿದಳು. ಸ್ವಲ್ಪ ಹೊತ್ತಿಗೆ ಕೂಸು ಮೊಲೆ ಹಿಡಿಯಿತು. ಆದರೂ ತೇಜಸ್ವಿನಿ ಬಿಡದೆ ಆಸ್ಪತ್ರೆಗೆ ಕರೆದೊಯ್ದು ತೋರಿಸಿ, ಏನೂ ಭಯವಿಲ್ಲ ಅಂತ ಡಾಕ್ಟರಿಂದ ಹೇಳಿಸಿಕೊಂಡೇ ಮನೆಗೆ ಬಿಟ್ಟು ಹೋದಳು.

ಇಬ್ಬರೇ ಉಳಿದಾಗ ಕರಿಬಸಮ್ಮ ಕೇಳಿದರು. "ಹಂಗಾದ್ರೆ ಹೋದ ವರ್ಷದ್ದು..."

"ಗೊತ್ತಮ್ಮ," ಅಂದಳು ಗಗನಾ.

"ಗೊತ್ತಿದ್ದೂ ಯಾಕೆ ಇಲ್ಲಿಗೇ ಬಂದೆ?"

"ಇನ್ನೆಲ್ಲಿಗೆ ಹೋಗ್ಲಿ? ನೀನೇ ತಾನೇ ನಮ್ಮಮ್ಮ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕರಿಬಸಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಅಳಲಿಲ್ಲ, ಊಟವನ್ನೂ ಮಾಡಲಿಲ್ಲ. ಮರುದಿನ ಆಳು ಕರೆಸಿ, ಬಿಸಿಲಿನ ಕಾವು ಒಳಗಿಳಿಯದಿರಲೆಂದು ಛಾವಣಿಯ ಮೇಲೆಲ್ಲ ದಪ್ಪಗೆ ಸುಣ್ಣ ಬಳಿಸಿದರು. ಆಗಲೂ ಅನ್ನ ಸೇರಲಿಲ್ಲ.

ಅವತ್ತು ಸಂಜೆ ಹಿಂದಿನ ಬೀದಿಯ ಚಿಕ್ಕಲಕ್ಷ್ಮಮ್ಮ ಬಾಗಿಲಿಗೆ ಬಂದಳು.

"ಅಕ್ಕಾ, ಸೊಸೆಗೆ ಹೆರಿಗೆ ಆತು. ನೀವೇ ಬಂದು ಬಾಣಂತಿ ಕೋಣೆ ಸರಿ ಮಾಡಿಕೊಡ್ಬೇಕು."

"ನಾಳೆ ಬತ್ತೀನಿ. ಅಲ್ಲೀಗಂಟ ಕಿಟಕಿ ತೆಗೆದಿಡು. ಕೇಳಿದಷ್ಟು ನೀರು ಕೊಡು. ಸ್ವೆಟರ್ ಗಿಟರ್ ಏನೂ ಬೇಡ."

"ಅಯ್ಯೋ, ಇದೇನಕ್ಕಾ ನೀವೇ ಹಿಂಗಂತೀರಿ! ಶೀತ ಆಗಲ್ವಾ?"

ಕರಿಬಸಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ನಮ್ಮನೇಲಿ ಕೂಸು ಹೋಗಿದ್ದು ಶೀತಕ್ಕಲ್ಲ ಕಣಮ್ಮ, ದೃಷ್ಟಿಗೂ ಅಲ್ಲ. ಸೆಕೆಗೆ. ನಾನೇ ಬಾಗಿಲು ಹಾಕಿ ಕೂರಿಸಿದ್ದೆ."

ಪಡಸಾಲೆಯಿಂದ ಗಗನಾಳ ದನಿ ಬಂತು.

"ಅಮ್ಮಾ, ಸಾಕು ಬಾ. ನಿನ್ನೆಯಿಂದ ಏನೂ ತಿಂದಿಲ್ಲ ನೀನು. ಊಟ ಮಾಡು."